ಅಪ್ಪ ಎರಡು ಸಲ ಬಡಿದದ್ದು

ನಮ್ಮ ಮನೆಯಲ್ಲಿ ಯಾರೂ ಸುಮ್ಮನೆ ಅಂಗಡಿಗೆ ಹೋಗುವ ಹಾಗಿರಲಿಲ್ಲ. "ಅರ್ಧ ಕೇಜಿ ಬೆಲ್ಲ, ಪಾವ್ ಕೇಜಿ ಪುಟಾಣಿ, ಒಂದು ಕಡ್ಡಿಪೆಟ್ಟಿಗಿ" ಎಂದು ಅಪ್ಪ ಹೇಳಿದರೆ ಹೊಸ್ತಿಲ ಮೇಲೆ ನಿಂತು ಅಷ್ಟನ್ನೂ ತಿರುಗಿ ಹೇಳಬೇಕು. "ಆತು ಬಿಡಪ್ಪಾ" ಎಂದು ಓಡಿದರೆ ಹಿಂದಿನಿಂದ ಕೂಗು ಬೀಳುತ್ತಿತ್ತು: "ಏನ್ ಆತು? ಏನ್ ಆತು ಅಂತ ಹೇಳಿ ಹೋಗಲೇ!" ಕಟ್ಟೆಯ ಮೇಲೆ ಕೂತವರು ನಗುತ್ತಿದ್ದರು. ನನಗೆ ಮೊದಲಿಂದಲೂ ಮೂಗಿನ ಮೇಲೆ ಸಿಟ್ಟು. ಬೇಕೆಂದೇ ಬೀದಿಗೆಲ್ಲ ಕೇಳಿಸುವಂತೆ ಕಿರುಚಿ ಹೇಳಿ ಹೋಗುತ್ತಿದ್ದೆ.

ಅಪ್ಪ ಕೊಟ್ಟೂರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದರು. ಯಾವ ಗಾಡಿ ಯಾವಾಗ ಬಂತು, ಯಾವಾಗ ಬಿಟ್ಟಿತು ಎಂದು ಬರೆದುಕೊಳ್ಳುವುದು, ಮೈಕಿನಲ್ಲಿ ಕೂಗುವುದು, ಡ್ರೈವರಿಗೆ ದಾರಿ ಹೇಳಿ ಕಳಿಸುವುದು ಅವರ ಕೆಲಸ. ಶಾಲೆ ಬಿಟ್ಟ ಮೇಲೆ ನಾನು ಅವರು ಕೂರುವ ಗೂಡಿನಂಥ ಕೋಣೆಯಲ್ಲೇ ಒಂದು ಮೂಲೆಗೆ ಕೂತು ಹೋಂವರ್ಕ್ ಮಾಡುತ್ತಿದ್ದೆ. ಕೂಡ್ಲಿಗಿ, ಎಚ್.ಬಿ. ಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಊರುಗಳು ನನಗೆ ಮೊದಲು ಗೊತ್ತಾದದ್ದು ಅಪ್ಪನ ಮೈಕಿನ ದನಿಯಲ್ಲಿ. ಹರಪನಹಳ್ಳಿಯ ಹೆಸರನ್ನು ಎಳೆದು, ಎಳೆದು, ಕೊನೆಗೆ "ತೆಲಿಗಿ, ಹರಿಹರ" ಎಂದು ತಟ್ಟನೆ ಮುಗಿಸುತ್ತಿದ್ದರು. ಆ ದನಿಯಲ್ಲಿ ಅವರು ಮನೆಯಲ್ಲಿ ಎಂದೂ ಮಾತಾಡಲಿಲ್ಲ.

ಡ್ರೈವರುಗಳಿಗೂ ಬೆಲ್ಲ ಪುಟಾಣಿಯ ನೇಮವೇ. ಅಪ್ಪ ದಾರಿ ಹೇಳಿದರೆ ಡ್ರೈವರ್ ಕಿಟಕಿಯ ಹತ್ತಿರ ನಿಂತು ತಿರುಗಿ ಹೇಳಬೇಕು. ಹೇಳಿದ ಮೇಲೆ ಅಪ್ಪ ಅವನ ಮುಖವನ್ನೇ ಒಂದು ಗಳಿಗೆ ನೋಡುತ್ತಿದ್ದರು. ಆಮೇಲೆ ಪೆನ್ಸಿಲಿನ ಹಿಂಬದಿಯಿಂದ ಮೇಜಿನ ಮೇಲೆ ಟಕ್ ಟಕ್ ಎಂದು ಎರಡು ಸಲ ಬಡಿಯುತ್ತಿದ್ದರು. ಬಡಿದರೆ ಹೊರಡಬೇಕು. ಬಡಿಯದೆ ಯಾವ ಗಾಡಿಯೂ ಅಲುಗುತ್ತಿರಲಿಲ್ಲ. ಇದು ಯಾವ ಕಾನೂನಿನಲ್ಲೂ ಇರಲಿಲ್ಲ, ಅಪ್ಪನ ಸ್ವಂತದ್ದು. ಆದರೂ ಹೊಸ ಡ್ರೈವರುಗಳು ವಾರದೊಳಗೆ ಕಲಿತುಬಿಡುತ್ತಿದ್ದರು.

ಒಂದು ದಿನ ಹಡಗಲಿ ಗಾಡಿಯ ಡ್ರೈವರ್ ಬಂದು ನಿಂತ. ಅಪ್ಪ ಹೇಳಿದರು: "ಇಟ್ಟಿಗಿ ಹತ್ರ ರೋಡ್ ಕಿತ್ತಾರ. ಎಚ್.ಬಿ. ಹಳ್ಳಿ ಮ್ಯಾಲೆ ಹಾದು ಹೋಗು." ಡ್ರೈವರ್ ಒಂದಕ್ಷರ ಬಿಡದೆ ತಿರುಗಿ ಹೇಳಿದ. ಅಪ್ಪ ಮುಖ ನೋಡಿದರು. ಬಡಿಯಲಿಲ್ಲ.

"ಹೇಳಿದ್ನಲ್ರೀ ಸಾಹೇಬ್ರ?"

"ಹೇಳಿದಿ. ಬಾ ಇಲ್ಲಿ, ಒಳಗ ಬಂದು ಕುಂದ್ರು. ಚಾ ಕುಡಿ."

ಒಳಗೆ ಬಂದ ಮನುಷ್ಯ ಲೋಟ ಹಿಡಿದುಕೊಂಡು ಅಳತೊಡಗಿದ. ಹರಪನಹಳ್ಳಿ ಆಸ್ಪತ್ರೆಯಲ್ಲಿ ಅವನ ಹೆಂಡತಿಗೆ ಬೆಳಿಗ್ಗೆಯಿಂದ ಹೆರಿಗೆ ನೋವು, ಏನೂ ಸುದ್ದಿಯಿಲ್ಲ. ಅಪ್ಪ ಅವನನ್ನು ಹರಪನಹಳ್ಳಿ ಬಸ್ಸಿಗೆ ಹತ್ತಿಸಿ ಹಡಗಲಿಗೆ ಬೇರೆಯವನನ್ನು ಕಳಿಸಿದರು. ಗಾಡಿ ತಡವಾಗಿ ಬಿಟ್ಟಿತು, ಜನ ಬೈದರು. ನಾನು ಕೇಳಿದೆ: "ಎಲ್ಲಾ ಬರೋಬರಿ ಹೇಳಿದ್ನಲ್ಲಪ್ಪ ಅಂವ?"

"ಬಾಯಿ ಹೇಳ್ತು. ಆ ಮನಷ್ಯಾ ಅಲ್ಲಿ ಇರ್ಲಿಲ್ಲ ನೋಡವ್ವ" ಎಂದರು ಅಪ್ಪ, ರಿಜಿಸ್ಟರಿನಿಂದ ತಲೆ ಎತ್ತದೆ.

ನಾನು ಓದಿ, ಪರೀಕ್ಷೆ ಬರೆದು, ವಿಮಾನ ಸಂಚಾರ ನಿಯಂತ್ರಕಿ ಆದೆ. ಯಾವ ಊರು ಎಂದು ಬರೆಯುವುದಿಲ್ಲ, ದೊಡ್ಡ ಊರು, ನಮ್ಮ ಸೀಮೆಯದಲ್ಲ. ಕೊಟ್ಟೂರಿನಲ್ಲಿ ಜನಕ್ಕೆ ಇದೊಂದು ಆಟವಾಯಿತು. "ಅಪ್ಪ ಬಸ್ಸಿಗೆ ಕಂಟ್ರೋಲರ್, ಮಗಳು ಇಮಾನಕ್ಕ ಕಂಟ್ರೋಲರ್, ಇನ್ನ ಮಗನಿಗೆ ರೈಲು ಕೊಡಸ್ರಿ" ಎಂದು ಅಪ್ಪನನ್ನು ಕಾಡಿಸುತ್ತಿದ್ದರು. ನನ್ನ ತಮ್ಮ ರೈಲಿಗೆ ಹೋಗಲಿಲ್ಲ, ಕೊಟ್ಟೂರಿನಲ್ಲೇ ಬ್ಯಾಟರಿ ಅಂಗಡಿ ಇಟ್ಟ.

ಮೊದಲ ರಜೆಗೆ ಬಂದಾಗ ಅಪ್ಪನಿಗೆ ನನ್ನ ಕೆಲಸ ವಿವರಿಸಿದೆ. ಇಷ್ಟು ಎತ್ತರಕ್ಕೆ ಇಳಿ, ಈ ಕಡೆ ತಿರುಗು ಎಂದು ನಾವು ರೇಡಿಯೋದಲ್ಲಿ ಹೇಳುತ್ತೇವೆ. ಪೈಲಟ್ ಅದನ್ನು ತಿರುಗಿ ಹೇಳಬೇಕು. ತಿರುಗಿ ಹೇಳಿದ್ದು ಸರಿಯಿದೆಯೇ ಎಂದು ನಾವು ಕಿವಿಯಿಟ್ಟು ಕೇಳಬೇಕು, ತಪ್ಪಿದ್ದರೆ ತಕ್ಷಣ ತಿದ್ದಬೇಕು. ಅಪ್ಪನ ಮುಖ ಅರಳಿತು. "ಅಯ್ಯ ಇದರ! ಇದು ನನ್ನ ಕೆಲಸ ಅಲ್ಲೇನಲೇ! ಗಾಡಿ ಮ್ಯಾಲೆ ಹೋಗ್ಯಾವ ಅಷ್ಟ." ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಮತ್ತ ಬಡಿಯೋರು ಯಾರು?"

"ಬಡಿಯೋದು ಏನಿಲ್ಲಪ್ಪ. ಹೇಳಿದ್ದು ಸರಿ ಇತ್ತಂದ್ರ ಮುಗೀತು."

"ಹಂಗಾದ್ರ ಅರ್ಧ ಕೆಲಸ ಆತು" ಎಂದರು. ನನಗೆ ರೇಗಿತು. ಇಷ್ಟು ಓದಿ ಇಂಥ ಕೆಲಸ ಹಿಡಿದವಳಿಗೆ ಬಸ್ ಸ್ಟ್ಯಾಂಡಿನ ಪೆನ್ಸಿಲಿನ ಪಾಠ ಹೇಳುತ್ತಾರಲ್ಲ ಎಂದು ಅವತ್ತು ಊಟಕ್ಕೆ ಕೂತಾಗಲೂ ಮಾತಾಡಲಿಲ್ಲ.

ವರ್ಷಗಳ ಮೇಲೆ ನನ್ನನ್ನು ಸಂಶೋಧನೆಯ ತಂಡಕ್ಕೆ ಹಾಕಿದರು. ನಾನು ಕೆಲಸಕ್ಕೆ ಸೇರಿದಾಗ ಒಂದೊಂದು ವಿಮಾನಕ್ಕೂ ಒಂದೊಂದು ಕಾಗದದ ಪಟ್ಟಿ ಇರುತ್ತಿತ್ತು, ಅದರ ಮೇಲೆ ಪೆನ್ನಿನಲ್ಲಿ ಎತ್ತರ ಬರೆದು ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ಅದೆಲ್ಲ ಪರದೆಯ ಮೇಲೆ ಬಂತು. ಈಗ ನಮ್ಮ ತಂಡ ಮಾಡುತ್ತಿದ್ದದ್ದು ಕೇಳಿಸಿಕೊಳ್ಳುವ ಯಂತ್ರ. ನಿಯಂತ್ರಕರು ಹೇಳಿದ್ದನ್ನೂ ಪೈಲಟ್ ತಿರುಗಿ ಹೇಳಿದ್ದನ್ನೂ ಅದು ಅಕ್ಷರ ಮಾಡಿ ಒಂದರ ಕೆಳಗೊಂದು ಇಟ್ಟು ತಾಳೆ ನೋಡುತ್ತದೆ. ಸರಿಹೊಂದಿದರೆ ಹಸಿರು ಗೆರೆ, ಅನುಮಾನವಿದ್ದರೆ ಹಳದಿ, ತಪ್ಪಿದರೆ ಕೆಂಪು. ದಣಿದ ಕಿವಿ ಬಿಟ್ಟದ್ದನ್ನು ಅದು ಹಿಡಿಯಲಿ ಎಂಬುದು ಉದ್ದೇಶ.

ಮೊದಮೊದಲು ಅದಕ್ಕೆ ನಮ್ಮ ಯಾರ ಇಂಗ್ಲಿಷೂ ತಿಳಿಯುತ್ತಿರಲಿಲ್ಲ. ನನ್ನ ಬಳ್ಳಾರಿ ಕಡೆಯ ಇಂಗ್ಲಿಷಿಗಂತೂ ಕೆಂಪು ಬಿಟ್ಟು ಬೇರೆ ಬಣ್ಣವೇ ಬರುತ್ತಿರಲಿಲ್ಲ. ಹಳೆಯ ಧ್ವನಿಮುದ್ರಣಗಳನ್ನು ತಿಂಗಳುಗಟ್ಟಲೆ ಕೇಳಿ, ಒಂದೊಂದು ಮಾತಿಗೂ ಸರಿಯಾದ ಅಕ್ಷರ ಬರೆದು ಕೊಟ್ಟೆವು. ನಿಧಾನಕ್ಕೆ ಕಲಿಯಿತು. ನನ್ನ ದನಿಗೆ ಮೊದಲ ಸಲ ಹಸಿರು ಬಂದಾಗ ತಂಡದವರೆಲ್ಲ ಚಪ್ಪಾಳೆ ಹೊಡೆದರು.

ಒಂದು ಪರೀಕ್ಷೆಯ ಮಾತು ಇಲ್ಲಿ ಹೇಳಲೇಬೇಕು. ಅದು ನಿಜವಾದ ವಿಮಾನವಲ್ಲ, ತರಬೇತಿಯ ಕೋಣೆಯ ಪರದೆಯ ವಿಮಾನ. ಪಕ್ಕದ ಕೋಣೆಯಲ್ಲಿ ಪೈಲಟಿನ ಪಾತ್ರ ಮಾಡುತ್ತಿದ್ದ ಸಹೋದ್ಯೋಗಿ ನನ್ನ ಮಾತನ್ನು ಅಚ್ಚುಕಟ್ಟಾಗಿ ತಿರುಗಿ ಹೇಳಿದ. ಹಸಿರು ಬಂತು. ಆದರೆ ಅವನ ಕೈ ಬೇರೆಯೇ ಎತ್ತರದ ಅಂಕಿ ಒತ್ತಿತ್ತು. ಹಸಿರು ಗೆರೆ ಹಾಗೇ ಉರಿಯುತ್ತಿರುವಾಗ ವಿಮಾನ ನಾನು ಹೇಳದ ಕಡೆಗೆ ಏರುತ್ತಿತ್ತು. ಅವತ್ತು ನಾನೇ ವರದಿಯಲ್ಲಿ ಬರೆದೆ: ತಿರುಗಿ ಹೇಳಿದ ಮಾತು ಸರಿಯಿದ್ದರೆ ಮಾತು ಸರಿಯಿದೆ ಎಂದಷ್ಟೇ ಅರ್ಥ, ಹೇಳಿದವನ ಮನಸ್ಸಿಗೆ ಮುಟ್ಟಿದೆ ಎಂದಲ್ಲ, ಆದ್ದರಿಂದ ಹಸಿರಿನ ಜೊತೆಗೆ ವಿಮಾನದ ನಡೆಯನ್ನೂ ನೋಡಬೇಕು. ಮೇಲಿನವರು ಮೆಚ್ಚಿದರು. ಅದನ್ನು ಬರೆದವಳು ನಾನೇ ಎಂದು ಎತ್ತಿ ಹೇಳುತ್ತಿದ್ದೇನೆ. ಮುಂದಿನದನ್ನು ಪಾಪ, ಗೊತ್ತಿಲ್ಲದೆ ಮಾಡಿದಳು ಎಂದು ಯಾರೂ ನನಗೆ ಮಾಫಿ ಕೊಡುವುದು ಬೇಡ.

ಅಪ್ಪನಿಗೆ ಲಕ್ವ ಹೊಡೆದದ್ದು ನಿವೃತ್ತಿಯಾಗಿ ಬಹಳ ವರ್ಷಗಳ ಮೇಲೆ, ಒಂದು ಬೆಳಿಗ್ಗೆ, ಬಚ್ಚಲ ಮನೆಯ ಬಾಗಿಲಲ್ಲಿ. ಅವ್ವ ತೀರಿಹೋಗಿ ಬಹಳ ಕಾಲವಾಗಿತ್ತು, ಅಪ್ಪ ತಮ್ಮನ ಜೊತೆಗೇ ಇದ್ದರು. ತಮ್ಮ ಹೊಸಪೇಟೆಗೆ ಕರೆದುಕೊಂಡು ಓಡಿದ. ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು. ನಾನು ರಜೆ ಹಾಕಿ ಬರುವ ಹೊತ್ತಿಗೆ ಕೊಟ್ಟೂರಿನ ಮನೆಗೆ ಕರೆತಂದು ಪಡಸಾಲೆಯಲ್ಲಿ ಮಂಚ ಹಾಕಿದ್ದರು. ಮಂಚದ ಹತ್ತಿರ ಕೂತು "ಅಪ್ಪಾ, ನಾ ಬಂದೀನಿ" ಎಂದೆ.

"ನಾ ಬಂದೀನಿ" ಎಂದರು ಅಪ್ಪ. ಮಾತು ನಿಚ್ಚಳವಾಗಿತ್ತು. ಮೈಕಿನ ದನಿಯ ಅಂಚು ಕೂಡ ಅದರಲ್ಲಿತ್ತು. ನಾನು ಅವರ ಎದೆಯ ಮೇಲೆ ತಲೆಯಿಟ್ಟು ಅತ್ತೆ. ಮಾತು ಉಳಿದಿದೆಯಲ್ಲ ಎಂಬ ಸಂತೋಷಕ್ಕೆ ಅತ್ತೆ.

ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳು ಕೂಡ್ಲಿಗಿಯವಳು, ಮೆತ್ತನೆಯ ಮಾತಿನವಳು. ಅಪ್ಪನ ಬಟ್ಟೆ, ಊಟ, ಮೈ ಒರೆಸುವುದು ಎಲ್ಲ ಅವಳೇ. ಮಧ್ಯಾಹ್ನ ನನ್ನನ್ನು ಹಿತ್ತಿಲಿಗೆ ಕರೆದು ಹೇಳಿದಳು: "ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ಮಾವಾರು ಏನು ಕೇಳಿದ್ರೂ ಅದನ್ನ ತಿರುಗಿ ಅಂತಾರ್ರಿ. ಅದು ಹೂಂ ಅಂದಂಗಲ್ರಿ. ಚಾ ಬೇಕ್ರೀ ಅಂದ್ರ, ಚಾ ಬೇಕ್ರೀ ಅಂತಾರ. ಕೊಟ್ರ ಕುಡಿಯಂಗಿಲ್ಲ. ಖರೇನ ಬೇಕಿದ್ರ ಎಡಗೈಲೆ ಮಂಚದ ಪಟ್ಟಿ ಬಡೀತಾರ್ರಿ, ಎರಡು ಸಲ. ನಾ ಅದನ್ನ ನೋಡಿ ಮಾಡ್ತೀನಿ."

ಎರಡು ಸಲ! ಆ ಗೂಡಿನಲ್ಲಿ ಬೆಳೆದವಳು ನಾನು. ಆ ಟಕ್ ಟಕ್ ಕೇಳುತ್ತಾ ಮಗ್ಗಿ ಕಲಿತವಳು ನಾನು. ಅಪ್ಪ ಅಲ್ಲಿ ಬಡಿಯುವುದನ್ನು ಅವಳು ನೋಡಿದವಳೂ ಅಲ್ಲ. ನನಗೆ ಅದೇ ಚುಚ್ಚಿತೋ ಏನೋ. ಬಾಯಿಗೆ ಬಂದದ್ದು ಅಂದೆ: "ಮಾತು ಕೇಳೋದು ನನ್ನ ಉದ್ಯೋಗ. ಅಪ್ಪ ಏನಂತಾರ ಅಂತ ನನಗ ನೀ ಕಲಿಸಬ್ಯಾಡ." ಅವಳು ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ನನ್ನ ತಲೆಯಲ್ಲಿ ಒಂದೇ ಹಟ ಕೂತಿತ್ತು. ನಾನಿರುವ ಊರಿನಲ್ಲಿ ಮಾತಿನ ಚಿಕಿತ್ಸೆ ಕೊಡುವವರಿದ್ದಾರೆ, ಕೊಟ್ಟೂರಿನಲ್ಲಿ ಯಾರೂ ಇಲ್ಲ. ಅಪ್ಪನನ್ನು ಕರೆದುಕೊಂಡು ಹೋಗಿ ಅವರ ಮಾತನ್ನು ಪೂರ್ತಿ ವಾಪಸ್ ತರಬೇಕು. ತಮ್ಮ ಹಿಂದೆಮುಂದೆ ನೋಡಿದ. "ಇಲ್ಲಿ ನಾಕು ಮಂದಿ ಗುರ್ತಿನೋರು ಬರ್ತಾರ, ಕುಂದ್ರತಾರ. ಅಲ್ಲಿ ಯಾರದಾರಕ್ಕ? ಅಪ್ಪನ್ನ ಕೇಳಾನ" ಎಂದ.

ಕೇಳಿದೆವು. ನಾನೇ ಕೇಳಿದೆ, ಎಲ್ಲರ ಎದುರಿಗೆ, ಕೆಲಸದಲ್ಲಿ ಕೇಳುವಷ್ಟೇ ಸ್ಪಷ್ಟವಾಗಿ: "ಅಪ್ಪಾ, ನನ್ನ ಕೂಡ ನನ್ನ ಊರಿಗೆ ಹೋಗಾನ?"

"ನನ್ನ ಕೂಡ ನನ್ನ ಊರಿಗೆ ಹೋಗಾನ" ಎಂದರು ಅಪ್ಪ.

"ನೋಡು, ಕೇಳಿದ್ಯಾ?" ಎಂದು ತಮ್ಮನ ಕಡೆ ತಿರುಗಿದೆ. ತಮ್ಮ ತಲೆಯಾಡಿಸಿದ. ಅವನ ಹೆಂಡತಿ ಮಾತ್ರ ನನ್ನನ್ನು ನೋಡಲಿಲ್ಲ, ಅಪ್ಪನ ಮುಖವನ್ನೂ ನೋಡಲಿಲ್ಲ. ಮಂಚದ ಪಟ್ಟಿಯ ಮೇಲಿದ್ದ ಅಪ್ಪನ ಎಡಗೈ ನೋಡುತ್ತಿದ್ದಳು. ಅವಳ ಕಣ್ಣು ಹೋದಲ್ಲಿಗೆ ನನ್ನ ಕಣ್ಣೂ ಹೋಯಿತು. ಕೈ ಅಲುಗಿರಲಿಲ್ಲ. ನಾನು ಎದ್ದು ಬಟ್ಟೆ ಜೋಡಿಸತೊಡಗಿದೆ.

ಕಾರಿನಲ್ಲಿ ಕರೆದುಕೊಂಡು ಹೊರಟೆ. ಬಸ್ ನಿಲ್ದಾಣದ ಮುಂದೆ ಹಾದುಹೋಗುವಾಗ ಅಪ್ಪ ಕುತ್ತಿಗೆ ತಿರುಗಿಸಿ ನೋಡಿದರು. ಅಲ್ಲಿ ಈಗ ಮೈಕಿನಲ್ಲಿ ಕೂಗುವುದು ಮೊದಲೇ ಮುದ್ರಿಸಿಟ್ಟ ಹೆಂಗಸಿನ ದನಿ. "ಹರಪನಹಳ್ಳಿ" ಎಂದು ಅದು ಬಿಗಿಯಾಗಿ ಹೇಳಿತು. ಅಪ್ಪ "ಹರಪನಹಳ್ಳಿ" ಎಂದರು, ತಮ್ಮ ಹಳೆಯ ಎಳೆತದಲ್ಲಿ. ಡ್ರೈವರ್ ನಕ್ಕ, ನಾನೂ ನಕ್ಕೆ. ಕೂಡ್ಲಿಗಿ ದಾಟಿದ ಮೇಲೆ ಅಪ್ಪ ಕಣ್ಣು ಮುಚ್ಚಿಕೊಂಡರು. ಊರು ಮುಟ್ಟುವವರೆಗೆ ತೆರೆಯಲಿಲ್ಲ.

ನನ್ನ ಮನೆ ಮೂರನೇ ಮಹಡಿಯಲ್ಲಿ. ಮದುವೆ ನನಗೆ ಕೂಡಿಬರಲಿಲ್ಲ, ಒಬ್ಬಳೇ ಇರುತ್ತೇನೆ. ಹಗಲು ಅಪ್ಪನನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಇಟ್ಟೆ. ಒಳ್ಳೆಯವಳು, ಆದರೆ ಕನ್ನಡ ಬರುತ್ತಿರಲಿಲ್ಲ. ಅವಳು ತೆಲುಗಿನಲ್ಲಿ ಏನು ಕೇಳಿದರೂ ಅಪ್ಪ ತೆಲುಗಿನಲ್ಲೇ ತಿರುಗಿ ಹೇಳುತ್ತಿದ್ದರು. "ನಿಮ್ಮ ತಂದೆಗೆ ನಮ್ಮ ಮಾತು ಚೆನ್ನಾಗಿ ಬರುತ್ತದೆ" ಎಂದು ಅವಳು ಖುಷಿಪಟ್ಟಳು. ಅಪ್ಪನಿಗೆ ತೆಲುಗು ಬರುವುದಿಲ್ಲ, ನನಗೆ ಮೊದಲ ಅನುಮಾನ ಬಂದದ್ದು ಅವತ್ತೇ.

ಚಿಕಿತ್ಸೆಯ ವೈದ್ಯೆ ವಾರವೊಂದು ಅಪ್ಪನ ಜೊತೆ ಕೂತು ನೋಡಿ ನನ್ನನ್ನು ಕರೆದರು. ಮಿದುಳಿನಲ್ಲಿ ಕೇಳಿದ್ದನ್ನು ಹಾಗೆಯೇ ತಿರುಗಿ ಹೇಳುವ ದಾರಿ ಉಳಿದಿದೆ, ಮನಸ್ಸಿನಲ್ಲಿರುವುದನ್ನು ಮಾತು ಮಾಡುವ ದಾರಿ ಮುಚ್ಚಿಹೋಗಿದೆ ಎಂದರು. "ಅವರಿಗೆ ಬಹಳಷ್ಟು ತಿಳಿಯುತ್ತದೆ. ಆದರೆ ಅವರು ಹೇಳುವುದು ಅವರ ಮಾತಲ್ಲ, ನಿಮ್ಮದು. ಈ ವಯಸ್ಸಿನಲ್ಲಿ ಹೆಚ್ಚು ಸುಧಾರಣೆ ನಿರೀಕ್ಷಿಸಬೇಡಿ." ನಾನು ಎಲ್ಲವನ್ನೂ ಕೇಳಿಸಿಕೊಂಡೆ.

ಮರುದಿನ ಭಾನುವಾರ. ಸಂಜೆ ಅಪ್ಪನನ್ನು ಕಿಟಕಿಯ ಹತ್ತಿರ ಮರದ ಕುರ್ಚಿಯಲ್ಲಿ ಕೂರಿಸಿ ಎದುರಿಗೆ ಕೂತೆ. ದೂರದಲ್ಲಿ ಒಂದಾದ ಮೇಲೊಂದು ವಿಮಾನ ಇಳಿಯುವುದು ಕಾಣುತ್ತಿತ್ತು.

"ಅಪ್ಪಾ, ನನ್ನ ಮ್ಯಾಲೆ ಸಿಟ್ಟು ಐತೇನು?"

"ಸಿಟ್ಟು ಐತೇನು."

"ಸಿಟ್ಟು ಇಲ್ಲೇನು?"

"ಸಿಟ್ಟು ಇಲ್ಲೇನು."

ಎರಡಕ್ಕೂ ಒಂದೇ ದನಿ, ಎರಡೂ ಸರಿ. ನಮ್ಮ ಯಂತ್ರವನ್ನು ಪಕ್ಕದಲ್ಲಿ ಇಟ್ಟಿದ್ದರೆ ಎರಡಕ್ಕೂ ಹಸಿರು ತೋರಿಸುತ್ತಿತ್ತು. ನನಗೆ ಅಳು ಬಂತು, ತಡೆದುಕೊಂಡೆ. ಆಮೇಲೆ ತಮ್ಮನ ಹೆಂಡತಿ ಹಿತ್ತಿಲಲ್ಲಿ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದೆ. ಅಪ್ಪನ ಎಡಗೈಯನ್ನು ಕುರ್ಚಿಯ ತೋಳಿನ ಮೇಲೆ ಇಟ್ಟು, ಅದನ್ನೇ ನೋಡುತ್ತಾ ಕೇಳಿದೆ: "ಇಲ್ಲೇ ಇರಾನ?"

"ಇಲ್ಲೇ ಇರಾನ." ಕೈ ಸುಮ್ಮನಿತ್ತು.

"ಕೊಟ್ಟೂರಿಗೆ ಹೋಗಾನ?"

"ಕೊಟ್ಟೂರಿಗೆ ಹೋಗಾನ" ಎಂದರು. ಬೆರಳು ಮಡಚಿದವು. ಟಕ್ ಟಕ್.

ಮತ್ತೆ ಇಲ್ಲೇ ಇರಾನ ಎಂದು ಕೇಳಿದೆ, ಕೈ ಅಲುಗಲಿಲ್ಲ. ಮತ್ತೆ ಕೊಟ್ಟೂರು ಎಂದೆ. ಈ ಸಲ ನನ್ನ ಮಾತು ಮುಗಿಯುವ ಮೊದಲೇ ಬಡಿದರು. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು, ಕಿಟಕಿಯ ಹತ್ತಿರ ನಿಂತ ಡ್ರೈವರನ್ನು ನೋಡುತ್ತಿದ್ದ ಹಾಗೆ. ಕೊಟ್ಟೂರು ಬಿಟ್ಟು ತಿಂಗಳ ಮೇಲೆ ಒಬ್ಬರಿಗಾದರೂ ತಮ್ಮ ಮಾತು ಮುಟ್ಟಿತು ಎಂದು ಅವರಿಗೆ ಗೊತ್ತಾಗಿತ್ತು. ಕಣ್ಣಿನಲ್ಲಿ ನೀರಾಡಿತು.

ಮಾರನೆಯ ದಿನವೇ ಹೊರಡಬಹುದಿತ್ತು. ಇದನ್ನು ಎಷ್ಟು ಸಲ ಬರೆದರೂ ಈ ವಾಕ್ಯ ಬದಲಾಗುವುದಿಲ್ಲ. ಆದರೆ ಮಾರನೆಯ ದಿನದಿಂದ ನಮ್ಮ ಯಂತ್ರದ ದೊಡ್ಡ ಪರೀಕ್ಷೆ. ಬೇರೆ ಊರುಗಳಿಂದ ಜನ ಬರುವವರಿದ್ದರು, ಎಂಟು ದಿನದ ಕೆಲಸ. ನಾನು ಒಂದು ಮಾತು ಹೇಳಿದ್ದರೆ ನನ್ನ ಜಾಗಕ್ಕೆ ಬೇರೆಯವರು ಕೂರುತ್ತಿದ್ದರು. ಹೇಳಲಿಲ್ಲ. ಅಷ್ಟು ವರ್ಷ ಆ ಯಂತ್ರವನ್ನು ಸಾಕಿದ್ದು ನಾನು, ಮೆರೆಸುವಾಗ ಇನ್ನೊಬ್ಬರು ಯಾಕೆ ಎಂಬ ಆಸೆ. ಅಪ್ಪನ ಕೈ ಹಿಡಿದುಕೊಂಡು "ಎಂಟು ದಿನ ತಡಿಯಪ್ಪ. ಮುಗಿಸಿ ಹೋಗಾನ" ಎಂದೆ.

"ಮುಗಿಸಿ ಹೋಗಾನ" ಎಂದರು. ಕೈಯನ್ನು ನಾನೇ ಹಿಡಿದುಕೊಂಡಿದ್ದೆ. ಬಡಿಯುತ್ತಿದ್ದರೋ ಇಲ್ಲವೋ ನೋಡಲು ನನಗೆ ನಾನೇ ಅವಕಾಶ ಕೊಡಲಿಲ್ಲ.

ಅವತ್ತೇ ತಮ್ಮನ ಫೋನ್ ಬಂತು. ಅವನ ಹೆಂಡತಿ ಇಸಿದುಕೊಂಡು "ಮಾವಾರು ಹೆಂಗದಾರ್ರಿ ಅಕ್ಕಾರ?" ಎಂದು ಕೇಳಿದಳು. ನೀನು ಹೇಳಿದ್ದೇ ಖರೆ, ಅಪ್ಪ ಊರಿಗೆ ಬರಬೇಕಂತ ಬಡಿದರು, ತಮ್ಮನನ್ನು ಕಳಿಸು ಎಂದು ಒಂದು ಮಾತು ಅಂದಿದ್ದರೆ ಅವನು ಮರುದಿನ ಮಧ್ಯಾಹ್ನಕ್ಕೆ ನನ್ನ ಬಾಗಿಲಲ್ಲಿ ಇರುತ್ತಿದ್ದ. ಅವಳ ಮುಂದೆ ಸೋಲಲು ನನಗೆ ಮನಸ್ಸಾಗಲಿಲ್ಲ. "ಆರಾಮ ಅದಾರ" ಎಂದೆ. ನನ್ನ ಅಪ್ಪನ ವಿಷಯದಲ್ಲಿ ನಾನು ಹೇಳಿದ ಸುಳ್ಳು ಅದೊಂದೇ. ಅದೊಂದು ಸಾಕಾಯಿತು.

ಪರೀಕ್ಷೆ ಚೆನ್ನಾಗಿ ನಡೆಯಿತು. ಮೂರನೇ ದಿನ, ನಾಲ್ಕನೇ ದಿನ, ಪರದೆಯ ತುಂಬ ಹಸಿರು. ಬಂದವರು ಹಿಂದೆ ನಿಂತು ನೋಡಿ ಮೆಚ್ಚುಗೆಯ ಮಾತಾಡುತ್ತಿದ್ದರು. ದಿನಾ ಮನೆಗೆ ಬಂದಾಗ ಅಪ್ಪ ಕುರ್ಚಿಯಲ್ಲಿ ಕೂತಿರುತ್ತಿದ್ದರು. ನನ್ನನ್ನು ನೋಡಿದೊಡನೆ ಎರಡು ಸಲ ಬಡಿಯುತ್ತಿದ್ದರು. "ಗೊತ್ತಪ್ಪ, ಗೊತ್ತು. ಇನ್ನ ನಾಕು ದಿನ ಅಷ್ಟ" ಎನ್ನುತ್ತಾ ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ನಾವು ಕೆಲಸ ಮಾಡುವ ಕೋಣೆಗೆ ಮೊಬೈಲ್ ಒಯ್ಯುವಂತಿಲ್ಲ, ಹೊರಗೆ ಲಾಕರಿನಲ್ಲಿ ಇಡಬೇಕು. ಐದನೇ ದಿನ ಮಧ್ಯಾಹ್ನ ಹೊರಗೆ ಬಂದು ಲಾಕರ್ ತೆಗೆದರೆ ಅಪ್ಪನನ್ನು ನೋಡಿಕೊಳ್ಳುವ ಹೆಂಗಸು ಕರೆಯ ಮೇಲೆ ಕರೆ ಮಾಡಿದ್ದಳು. ಮನೆಗೆ ಓಡಿದೆ. ಅಷ್ಟರೊಳಗೆ ಮುಗಿದಿತ್ತು. ಪಕ್ಕದ ಮನೆಯವರು ಕರೆಸಿದ ಡಾಕ್ಟರು ಎರಡನೇ ಸಲ ಲಕ್ವ ಹೊಡೆದಿದೆ ಎಂದರು.

ಆ ಹೆಂಗಸು ಅಳುತ್ತಾ ಹೇಳಿದಳು. ಬೆಳಿಗ್ಗೆ ನಾನು ಹೋದಾಗಿನಿಂದ ಅಪ್ಪ ಕುರ್ಚಿಯ ತೋಳು ಬಡಿಯುತ್ತಲೇ ಇದ್ದರಂತೆ, ಎರಡು ಸಲ, ಬಿಟ್ಟು ಮತ್ತೆ ಎರಡು ಸಲ. ಬಾಯಾರಿಕೆ ಎಂದುಕೊಂಡು ನೀರು ಕೊಟ್ಟಳಂತೆ. ಕುಡಿಯಲಿಲ್ಲ. ಟಿ.ವಿ. ಹಾಕಿದಳಂತೆ. ಊಟದ ಹೊತ್ತಿಗೆ ಬಡಿಯುವುದು ನಿಂತಿತು, ನಿದ್ದೆ ಬಂತೆಂದುಕೊಂಡಳು. ಅವಳದೇನು ತಪ್ಪು? ಬಡಿದರೆ ಏನರ್ಥ ಎಂದು ನಾನು ಅವಳಿಗೆ ಹೇಳಿರಲಿಲ್ಲ.

ಕೊಟ್ಟೂರಿಗೆ ಕರೆದುಕೊಂಡು ಹೋದೆವು. ಅದೇ ದಾರಿ, ಕೂಡ್ಲಿಗಿ ದಾಟಿ, ಬಸ್ ನಿಲ್ದಾಣದ ಮುಂದೆ ಹಾದು. ಹಳೆಯ ಡ್ರೈವರುಗಳು, ಕಂಡಕ್ಟರುಗಳು ಹಡಗಲಿಯಿಂದ, ಹರಪನಹಳ್ಳಿಯಿಂದ ಬಂದಿದ್ದರು. ತಲೆ ಬೆಳ್ಳಗಾದ ಒಬ್ಬರು ನನ್ನ ಹತ್ತಿರ ಬಂದು, "ನಿಮ್ಮಪ್ಪಾರು ಅವತ್ತ ನನ್ನ ಗಾಡಿ ಬಿಡ್ಲಿಲ್ಲವ್ವ. ನನ್ನ ಮಗಳು ಹುಟ್ಟಿದ ದಿನ ಅದು. ಮಾರಿ ನೋಡೇ ತಿಳಕೊಂಡ್ರು" ಎಂದು ಬಿಕ್ಕಿದರು. ನಾನು ಅವರ ಕೈ ಹಿಡಿದುಕೊಂಡು ನಿಂತೆ. ಸಂಜೆಯ ಹೊತ್ತಿಗೆ ಮಣ್ಣು ಮಾಡಿ ಬಂದೆವು.

ಮೂರನೇ ದಿನದ ಕಾರ್ಯ ಮುಗಿದು ಬಂದವರೆಲ್ಲ ಹೋದ ಮೇಲೆ ಪಡಸಾಲೆಯಲ್ಲಿ ನಾನು, ತಮ್ಮನ ಹೆಂಡತಿ ಇಬ್ಬರೇ ಉಳಿದೆವು. ಮಂಚದ ಹಾಸಿಗೆ ತೆಗೆದುಹಾಕಿದ್ದರು. ಎಡಗಡೆಯ ಪಟ್ಟಿಯಲ್ಲಿ ಒಂದು ಕಡೆ ಬಣ್ಣ ಸವೆದು ಮರ ಕಾಣುತ್ತಿತ್ತು. ಅವಳು ಅದರ ಮೇಲೆ ಕೈಯಾಡಿಸುತ್ತಾ ಕೂತಿದ್ದವಳು ಕೇಳಿದಳು: "ಅಕ್ಕಾರ, ಅಲ್ಲಿ ಮಾವಾರು ಬಡೀತಿದ್ರೇನ್ರಿ?"

ಕೇಳಿದ್ದರಲ್ಲಿ ಚುಚ್ಚು ಇರಲಿಲ್ಲ. ತಾನು ನೋಡಿಕೊಂಡ ಜೀವಕ್ಕೆ ಅಲ್ಲಿ ಬೇಕಾದ್ದು ಸಿಕ್ಕಿತೋ ಇಲ್ಲವೋ ಎಂದಷ್ಟೇ ತಿಳಿಯಬೇಕಿತ್ತು ಅವಳಿಗೆ. ಇಲ್ಲ ಎಂದುಬಿಟ್ಟರೆ ಅಲ್ಲಿಗೇ ಮುಗಿಯುತ್ತಿತ್ತು. ನಂಬುತ್ತಿದ್ದಳು. ನಾನು ನೆಲ ನೋಡುತ್ತಾ ಹೇಳಿದೆ: "ಬಡಿದ್ರು."

"ಏನ್ ಬೇಕಂತ್ರಿ?"

"ಕೊಟ್ಟೂರಿಗೆ ಬರಬೇಕಂತ. ಜೀವ ಹೋಗೋದಕ್ಕ ಐದು ದಿನ ಮೊದ್ಲ ಬಡಿದ್ರು. ದಿನಾ ಬಡಿದ್ರು. ನಾ ಕರಕೊಂಡು ಬರ್ಲಿಲ್ಲ. ಅವತ್ತು ನೀ ಫೋನಿನ್ಯಾಗ ಕೇಳಿದಾಗ ನನಗ ಗೊತ್ತಿತ್ತು."

ಅವಳು ಬೈಯಲಿ ಎಂದು ಕಾಯ್ದೆ. ಬೈದಿದ್ದರೆ ತಿರುಗಿ ಬೈಯುವ ಸ್ವಭಾವ ನನ್ನದು, ಹೇಗೋ ಹಗುರವಾಗುತ್ತಿದ್ದೆ. ಅವಳು ಮಂಚದ ಪಟ್ಟಿಯ ಮೇಲಿನ ಕೈ ತೆಗೆದಳು. ಆಮೇಲೆ ನನ್ನ ಮುಖ ನೋಡಿ, ಮೆತ್ತಗೆ, ತನಗೆ ತಾನೇ ಹೇಳಿಕೊಳ್ಳುವವಳ ಹಾಗೆ ಅಂದಳು: "ಐದು ದಿನ ಮೊದ್ಲ ಬಡಿದ್ರು. ದಿನಾ ಬಡಿದ್ರು. ನೀವು ಕರಕೊಂಡು ಬರ್ಲಿಲ್ಲ. ನಾ ಕೇಳಿದಾಗ ನಿಮಗ ಗೊತ್ತಿತ್ತು."

ಎಲ್ಲವನ್ನೂ ಸರಿಯಾಗಿ ತಿರುಗಿ ಹೇಳಿದ್ದಳು. ನಾನು ಹೂಂ ಎಂದೆ. ಅವಳು ಎದ್ದು ನನಗೆ ಚಹ ಇಡಲು ಒಳಗೆ ಹೋದಳು.